ಬೆಳ್ಳಿ ಗಂಡನನ್ನು ಚಿನ್ನಕ್ಕೇರಿಸಿದ್ದು

ಗಂಡ ಕುಡಿಯುತ್ತಾನೆ ಎಂದರೆ ನಾಲ್ಕು ಜನ ‘ಅಯ್ಯೋ ಪಾಪ’ ಅನ್ನುತ್ತಾರೆ. ಇಸ್ಪೀಟಾಡುತ್ತಾನೆ ಎಂದರೆ ತವರಿನಿಂದ ಅಣ್ಣತಮ್ಮಂದಿರು ಬಂದು, ಕಾಫಿ ಕುಡಿದು, ಬುದ್ಧಿ ಹೇಳಿ ಹೋಗುತ್ತಾರೆ. ಆದರೆ ನಲವತ್ತು ದಾಟಿದ ಗಂಡ, ಮೀಸೆಯಲ್ಲಿ ಬಿಳಿಕೂದಲು ಇಣುಕುತ್ತಿರುವಾಗ, ಸಂಜೆಯಾದರೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಂಪ್ಯೂಟರಿನೊಳಗೆ ಬಾಂಬು ಕಾಯುತ್ತಾನೆ ಎಂದರೆ? ಯಾರ ಹತ್ತಿರ ಹೇಳಿಕೊಳ್ಳುತ್ತೀರಿ, ನೀವೇ ಹೇಳಿ. ರಾಬರ್ಟ್‌ಸನ್‌ಪೇಟೆಯ ಶ್ಯಾಮಲಳಿಗೆ ಬಂದದ್ದು ಇಂಥ ಹೇಳಿಕೊಳ್ಳಲಾಗದ ಕಷ್ಟ.

ಅವಳ ಗಂಡ ಸುಧಾಕರ್ ಬೆಂಗಳೂರಿನ ಒಂದು ಔಷಧಿ ಗೋದಾಮಿನಲ್ಲಿ ಕೆಲಸ ಮಾಡುತ್ತಾನೆ. ಬೆಳಗ್ಗೆ ಕತ್ತಲಲ್ಲೇ ರೈಲು ಹತ್ತಿದರೆ ಮತ್ತೆ ಮನೆ ಕಾಣುವುದು ದೀಪ ಹಚ್ಚಿದ ಮೇಲೆ. ಅಲ್ಲಿಯವರೆಗೆ ಶ್ಯಾಮಲಳಿಗೆ ಮಾತಿಗೆ ಸಿಗುವವರು ಅತ್ತೆ ಮುನಿನಾರಾಯಣಮ್ಮ ಒಬ್ಬರೇ, ಅವರ ಕಣ್ಣು ಧಾರಾವಾಹಿಯ ಮೇಲೆ. ಗಂಡ ಬಂದ ಮೇಲಾದರೂ ಊಟಕ್ಕೆ ಮುಂಚೆ ಇಬ್ಬರೂ ಜಗುಲಿಯ ಮೇಲೆ ಕೂತು ಎರಡು ಮಾತಾಡೋಣ ಎಂಬುದು ಅವಳ ಆಸೆ. ಒಡವೆ ಕೇಳಲಿಲ್ಲ, ಸೀರೆ ಕೇಳಲಿಲ್ಲ, ತಾಳಿ ಕಟ್ಟಿದ ಗಂಡನನ್ನು ಕೇಳಿದಳು. ಅದೊಂದು ಬಿಟ್ಟು ಬೇಕಾದರೆ ಮಿಕ್ಕದ್ದೆಲ್ಲ ಸಿಗುತ್ತಿತ್ತು.

ಆಟದ ವಿಚಾರವನ್ನೂ ಒಂಚೂರು ಹೇಳಿಬಿಡುತ್ತೇನೆ. ಈ ಕಡೆ ಐದು ಜನ, ಆ ಕಡೆ ಐದು ಜನ, ಎಲ್ಲರ ಕೈಯಲ್ಲೂ ಬಂದೂಕು. ಒಂದು ಪಾರ್ಟಿ ಎರಡು ಜಾಗಗಳಲ್ಲಿ ಎಲ್ಲಾದರೂ ಒಂದು ಕಡೆ ಬಾಂಬು ಇಡಬೇಕು, ಇನ್ನೊಂದು ಪಾರ್ಟಿ ಇಡಗೊಡಬಾರದು, ಇಟ್ಟರೆ ಸಿಡಿಯುವ ಮುಂಚೆ ಆರಿಸಬೇಕು. ಗೆದ್ದರೆ ರ‍್ಯಾಂಕ್ ಏರುತ್ತದೆ, ಸೋತರೆ ಇಳಿಯುತ್ತದೆ. ಕಬ್ಬಿಣ, ಕಂಚು, ಬೆಳ್ಳಿ, ಚಿನ್ನ ಎಂದು ಪಾತ್ರೆ ಅಂಗಡಿಯ ಹಾಗೆ ಮೆಟ್ಟಿಲು. ಸುಧಾಕರನ ಪಾರ್ಟಿಯ ಐವರೂ ದಿನಾ ಒಂದೇ ರೈಲಿನ ಒಂದೇ ಡಬ್ಬಿಯಲ್ಲಿ ಓಡಾಡುವವರು. ಗೋಪಿ ಎಂಬಾತ ಕ್ಯಾಪ್ಟನ್ನು. ಐವರೂ ಬೆಳ್ಳಿಗೆ ಬಂದು ಅಲ್ಲೇ ಬೇರು ಬಿಟ್ಟಿದ್ದರು. (ಚಿನ್ನದ ಗಣಿಯ ಊರಲ್ಲಿ ಹುಟ್ಟಿ ಬೆಳ್ಳಿ ದಾಟದವರಿಗೆ ಏನನ್ನಬೇಕೋ ದೇವರೇ ಬಲ್ಲ.)

ಒಂದು ಸಂಜೆ ಶ್ಯಾಮಲ ತಡೆಯಲಾರದೆ ಕುರ್ಚಿಯ ಹಿಂದೆ ಬಂದು ನಿಂತಳು.

"ರೀ, ಇದು ಯಾವತ್ತಾದ್ರೂ ಮುಗೀತದಾ? ಇಲ್ಲ, ನಾನೇ ತವರಿಗೆ ಓಗ್ಲಾ?"

"ಗೋಲ್ಡ್ ಬಂದ್ರೆ ಮುಗೀತು ಕಣೇ. ಬಂದ ದಿನವೇ ಕಂಪ್ಯೂಟರಿಗೆ ದುಪ್ಪಟಿ ಹೊದಿಸಿ ಕೈ ಮುಗಿದುಬಿಡ್ತೀನಿ. ಅಮ್ಮನ ಮೇಲಾಣೆ."

"ಲೇ, ನನ್ನ ಮೇಲ್ಯಾಕ್ಲಾ ಆಣೆ ಇಕ್ತೀಯಾ?" ಒಳಗಿಂದ ಮುನಿನಾರಾಯಣಮ್ಮನ ಕೂಗು ಬಂತು. "ನಿನ್ನ ಕಂಪ್ಯೂಟರ್ ಮೇಲೆ ಇಕ್ಕು. ನಾನಿನ್ನೂ ಬದುಕ್ಬೇಕು!"

ಬೇರೆ ಹೆಂಗಸಾಗಿದ್ದರೆ ಅತ್ತು ಸುಮ್ಮನಾಗುತ್ತಿದ್ದಳು. ಶ್ಯಾಮಲ ಬೇತಮಂಗಲದ ಕಡೆ ಹಸು ಕಟ್ಟಿದವರ ಮನೆಯ ಮಗಳು. ಇಬ್ಬರು ತಮ್ಮಂದಿರನ್ನು ತೊಡೆ ಚಿವುಟಿ ಚಿವುಟಿ ಎಸ್ಸೆಸ್ಸೆಲ್ಸಿ ದಾಟಿಸಿದ ಖ್ಯಾತಿ ಅವಳದು. ಆ ದಡ್ಡರನ್ನೇ ದಾಟಿಸಿದ ಮೇಲೆ ಈ ಗಂಡ ಯಾವ ಲೆಕ್ಕ ಎಂದು ಅವಳಿಗೆ ಹೊಳೆಯಿತು. ಚಿನ್ನ ಬಂದರೆ ತಾನೇ ಬಿಡುವುದು? ತಂದೇ ತೋರಿಸೋಣ.

ಮಾರನೆಯ ದಿನದಿಂದ ಮನೆಯಲ್ಲಿ ಪರೀಕ್ಷಾ ಕಾಲ ಶುರುವಾಯಿತು. ಟೀವಿ ಬಂದ್. ಅತ್ತೆಗೆ ಮೊಬೈಲಿನಲ್ಲಿ ಧಾರಾವಾಹಿ, ಅದೂ ಕಿವಿಗೆ ಹಿಡಿದುಕೊಂಡು. ರೈಲಿಳಿದು ಬಂದ ಗಂಡನಿಗೆ ನೆನೆಸಿದ ಬಾದಾಮಿ, ಬಿಸಿ ಹಾಲು. ಪಕ್ಕದ ಮನೆ ಆದಿಲಕ್ಷ್ಮಿ ಕಾಂಪೌಂಡಿನ ಮೇಲಿಂದ, "ಏನಮ್ಮ ಇಷ್ಟು ಸದ್ದಿಲ್ಲ? ನಿಮ್ಮನೆಯವ್ರಿಗೆ ಪ್ರಮೋಷನ್ನಾ?" ಎಂದು ಕೇಳಿದಳು. "ಹೂಂ ಕಣಕ್ಕ, ಬೆಳ್ಳಿಯಿಂದ ಚಿನ್ನಕ್ಕೆ" ಎಂದಳು ಶ್ಯಾಮಲ. ಸುಧಾಕರ್ ಒಡವೆ ಅಂಗಡಿ ಸೇರಿದ್ದಾನೆಂದು ಬೀದಿಗೆಲ್ಲ ಸುದ್ದಿಯಾಯಿತು.

ಟ್ಯೂಷನ್ನಿಗೆ ಬಂಗಾರಪೇಟೆಯಿಂದ ಲಿಖಿತ ಬಂದಳು. ಸುಧಾಕರನ ಅಕ್ಕನ ಮಗಳು, ಬಿ.ಕಾಂ. ಓದುವ ಹುಡುಗಿ, ಈ ಆಟದಲ್ಲಿ ಚಿನ್ನಕ್ಕೂ ಮೇಲೆ, ವಜ್ರದ ರ‍್ಯಾಂಕಿನವಳು. ಬಂದವಳೇ ಹೆಡ್‌ಫೋನ್ ಕಿತ್ತು ಸ್ಪೀಕರ್ ಹಾಕಿದಳು, ಎಲ್ಲರಿಗೂ ಕೇಳಲಿ ಎಂದು.

"ಮಾವ, ಒಂದೇ ಒಂದು ರೂಲು. ಸತ್ತಾಗೆಲ್ಲ ಯಾಕೆ ಸತ್ತೆ ಅಂತ ಜೋರಾಗಿ ಹೇಳ್ಬೇಕು. ತಪ್ಪು ನಿನ್ದೇ ಆಗಿರ್ಬೇಕು."

ಆಟ ಶುರುವಾಯಿತು. ಸುಧಾಕರ್ ಬಾಣದ ಹಾಗೆ ಓಡಿ, ಪೆಟ್ಟಿಗೆಗಳ ಹಿಂದಿನ ಒಂದು ಮೂಲೆ ಹಿಡಿದು ಕುಕ್ಕರುಗಾಲಲ್ಲಿ ಕೂತ. ಕೂತವನು ಕೂತೇ ಇದ್ದ. ಅತ್ತ ಇನ್ನೊಂದು ಕಡೆ ಢಂ ಢಂ ಎಂದು ಯುದ್ಧ.

"ಸುಧಾ, ವಾ ಡಾ! ಬೇಗ ಬಾ! ಇಲ್ಲಿ ಎಲ್ರೂ ಸಾಯ್ತಾ ಇದೀವಿ!" ಸ್ಪೀಕರಿನಲ್ಲಿ ಗೋಪಿ ಅರಚಿದ.

"ಬಂದೆ, ಬಂದೆ" ಎಂದ ಸುಧಾಕರ್, ಕೂತಲ್ಲಿಂದಲೇ. ಅಲ್ಲಿ ನಾಲ್ವರೂ ಸತ್ತರು. ಆಮೇಲೆ ಎದುರು ಪಾರ್ಟಿಯ ಐದೂ ಜನ ನಿಧಾನವಾಗಿ ನಡೆದು ಬಂದು ಇವನನ್ನೂ ಕೊಂದರು.

"ಹೇಳು ಮಾವ, ಯಾಕೆ ಸತ್ತೆ?"

"ಈ ಕುರ್ಚಿ ಅಲ್ಲಾಡುತ್ತೆ."

"ಮಾವ!"

"ಒಳ್ಳೆ ಜಾಗ ಕಣಮ್ಮ ಅದು. ಕಷ್ಟಪಟ್ಟು ಹಿಡಿದಿದ್ದೆ. ಬಿಟ್ಟು ಎದ್ರೆ ಮತ್ತೆ ಸಿಗುತ್ತಾ?"

ಶ್ಯಾಮಲ ಹಣೆ ಚಚ್ಚಿಕೊಂಡಳು. ರೋಗ ಏನೆಂದು ಗೊತ್ತಾಗಿಹೋಯಿತು. ಮನೆಗೆ ಹತ್ತಿರ ಊರಿಗಾಂ ಸ್ಟೇಷನ್ನಿದ್ದರೂ ಈ ಮನುಷ್ಯ ಸೀಟಿನ ಆಸೆಗೆ ಹಿಂದಕ್ಕೆ, ರೈಲು ಹೊರಡುವ ಮಾರಿಕುಪ್ಪಂವರೆಗೆ ಸ್ಕೂಟರಿನಲ್ಲಿ ಹೋಗಿ, ರೈಲು ನಿಲ್ಲುವ ಮುಂಚೆ ಕಿಟಕಿಯಿಂದ ಕರ್ಚೀಫು ಎಸೆದು, ಮೂಲೆ ಸೀಟು ಹಿಡಿಯುವವನು. ಹಿಡಿದ ಮೇಲೆ ಆಕಾಶ ಕಳಚಿ ಬಿದ್ದರೂ ಏಳುವುದಿಲ್ಲ. ಒಂದು ಸಲ ಮದುವೆಗೆಂದು ಜೊತೆಗೆ ಹೋದಾಗ ಅವಳು ಕಣ್ಣಾರೆ ನೋಡಿದ್ದಳು. ಹೆಂಡತಿ ಬಂಗಾರಪೇಟೆಯಲ್ಲಿ ನೀರು ತರಲು ಕೇಳಿದ್ದಕ್ಕೆ, "ಬಾಯಾರಿಕೆ ತಡ್ಕೋ, ಸೀಟು ಓಗ್ತದೆ" ಎಂದಿದ್ದ ಮಹಾನುಭಾವ. ವರ್ಷಗಟ್ಟಲೆ ರೈಲು ಕಲಿಸಿದ ವಿದ್ಯೆಯನ್ನು ಅವನು ಹಾಗೇ ಯುದ್ಧಭೂಮಿಗೆ ತಂದಿದ್ದ.

"ನೆಲ ನೋಡ್ಕೊಂಡೇ ಓಗ್ತಾನೆ, ಅದ್ಯಾಕೆ?" ಮುನಿನಾರಾಯಣಮ್ಮನಿಗೂ ಮೆಲ್ಲಗೆ ಆಟದ ರುಚಿ ಹತ್ತಿತ್ತು.

"ಅದೇ ಅಜ್ಜಿ! ಬಂದೂಕಿನ ಗುರಿ ಎದುರಾಳಿ ತಲೆ ಮಟ್ಟಕ್ಕಿರ್ಬೇಕು. ಮಾವ ಕಾಲಿಗೆ ಇಡ್ತಾನೆ" ಎಂದಳು ಲಿಖಿತ.

"ಚಿಕ್ಕೋನಿದ್ದಾಗ್ನಿಂದ ಅಂಗೇನಮ್ಮ. ಬೀದೀಲಿ ಯಾರ್ದೋ ಕಾಸು ಬಿದ್ದೈತೇನೋ ಅಂತ. ಲೇ, ತಲೆ ಎತ್ತಿ ನಡೀಲಾ!"

ತಲೆ ಎತ್ತಿಸುವುದು ಸುಲಭವಾಯಿತು, ಅವರಮ್ಮ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಮೂಲೆಯಿಂದ ಎಬ್ಬಿಸುವುದು ಮಾತ್ರ ಆಗಲಿಲ್ಲ. ಲಿಖಿತ ಬೇಡಿದಳು, ಬೈದಳು. ಗೋಪಿ ಮೂರು ಭಾಷೆಯಲ್ಲಿ ಶಾಪ ಹಾಕಿದ. ಸುಧಾಕರ್ "ಬಂದೆ, ಬಂದೆ" ಅನ್ನುತ್ತಲೇ ಇದ್ದ.

ಕೊನೆಗೆ ಶ್ಯಾಮಲಳಿಗೆ ಒಂದು ಯೋಚನೆ ಬಂತು. ಈ ಗಂಡ ಸೀಟು ಬಿಟ್ಟು ತಾನಾಗಿ ಏಳುವುದು ಯಾವಾಗ? ಇಳಿಯುವ ಸ್ಟೇಷನ್ ಬಂದಾಗ. ಗಾಢ ನಿದ್ದೆಯಲ್ಲಿದ್ದರೂ ಯಾವ ಸ್ಟೇಷನ್ನಿನ ಹೆಸರು ಹೇಳಿ ‘ಬಂತು, ಇಳೀರಿ’ ಎಂದರೂ ಸಾಕು, ತನ್ನದೇ ಬಂತೆಂದು ಸ್ಪ್ರಿಂಗಿನಂತೆ ಎದ್ದು ನಿಲ್ಲುತ್ತಾನೆ. ಮುಂದಿನ ಆಟದಲ್ಲಿ ಅತ್ತ ಗುಂಡಿನ ಸದ್ದು ಕೇಳುತ್ತಲೇ ಅವನ ಕಿವಿಯ ಹತ್ತಿರ ಬಗ್ಗಿ ಕೂಗಿದಳು.

"ಬಂಗಾರಪೇಟೆ ಬಂತು, ಇಳೀರಿ!"

ಸುಧಾಕರ್ ಎದ್ದ. ಎದ್ದವನು ಓಡಿದ. ಓಡಿದವನು, ತಲೆ ಎತ್ತಿಕೊಂಡಿದ್ದರಿಂದ, ಇಬ್ಬರನ್ನು ಹೊಡೆದೇಬಿಟ್ಟ. ಏನಾಯಿತೆಂದು ಅವನಿಗೇ ತಿಳಿಯಲಿಲ್ಲ.

"ಯಾರ್ರೀ ಅದು ಕೂಗಿದ್ದು? ಸೂಪರ್ ಅಕ್ಕಾ!" ಎಂದ ಗೋಪಿ. ಅವತ್ತೇ ಆ ಯುದ್ಧಭೂಮಿಗೆಲ್ಲ ಹೊಸ ನಾಮಕರಣವಾಯಿತು. ಬಾಂಬಿಡುವ ಒಂದು ಜಾಗ ಬಂಗಾರಪೇಟೆ, ಇನ್ನೊಂದು ಮಾರಿಕುಪ್ಪಂ, ನಡುವಿನ ಓಣಿ ಕೋರಮಂಡಲ್. ಅಲ್ಲಿಯವರೆಗೆ ಬಾಯಿಗೆ ಸಿಗದ ಇಂಗ್ಲಿಷ್ ಹೆಸರು ಹೇಳಲು ಹೋಗಿ, ಹೇಳುವಷ್ಟರಲ್ಲಿ ಸಾಯುತ್ತಿದ್ದವರು ಈಗ "ಕೋರಮಂಡಲದಲ್ಲಿ ಒಬ್ಬ!" ಎಂದರೆ ಸಾಕು, ಐವರಿಗೂ ಅರ್ಥವಾಗುತ್ತಿತ್ತು. ದಿನಾ ರೈಲಿನಲ್ಲಿ ದಾಟುವ ಸ್ಟೇಷನ್ನುಗಳು, ಕಣ್ಣು ಮುಚ್ಚಿಯೂ ಗೊತ್ತು.

ಶನಿವಾರ ಸಂಜೆ ಇನ್ನೊಂದು ಆಟ ಗೆದ್ದರೆ ಚಿನ್ನ ಎಂಬಲ್ಲಿಗೆ ಬಂದು ನಿಂತಿತು. ಮುನಿನಾರಾಯಣಮ್ಮ ಮಾರಮ್ಮನಿಗೆ ಹರಕೆ ಕಟ್ಟಿಕೊಂಡು ಕೂತರು. ಶ್ಯಾಮಲಳ ಗಂಟಲು ಕೂಗಿ ಕೂಗಿ ಕಟ್ಟಿತ್ತು. ಕೊನೆಯ ಸುತ್ತಿನಲ್ಲಿ ಉಳಿದವನು ಸುಧಾಕರ್ ಒಬ್ಬನೇ, ಎದುರಿಗೂ ಒಬ್ಬನೇ. ಬಾಂಬು ಟಿಕ್ ಟಿಕ್ ಎನ್ನುತ್ತಿದೆ. ಇವನು ಮತ್ತೆ ಮೂಲೆ ಸೇರಿ ಕೂತಿದ್ದಾನೆ, ಪಾಪಿ!

"ಮಾರಿಕುಪ್ಪಂ ರೀ! ಕಡೇ ಸ್ಟೇಷನ್ನು! ಇಳೀದಿದ್ರೆ ಶೆಡ್ಡಿಗೆ ಓಗ್ತದೆ!"

ಎದ್ದ, ಓಡಿದ, ಹೊಡೆದ, ಬಾಂಬು ಆರಿಸಿದ. ಪರದೆಯ ತುಂಬ ಬಂಗಾರದ ಬಣ್ಣ ಹರಡಿತು. ಶ್ಯಾಮಲಳ ಕಣ್ಣಲ್ಲಿ ನೀರು ಬಂತು. ಗಂಡ ಗೆದ್ದದ್ದಕ್ಕಲ್ಲ, ಗಂಡ ಸಿಕ್ಕಿದ್ದಕ್ಕೆ.

ಸುಧಾಕರ್ ಏನೇ ಇರಲಿ, ಕೊಟ್ಟ ಮಾತಿಗೆ ತಪ್ಪುವವನಲ್ಲ. ಅವತ್ತೇ ಕಂಪ್ಯೂಟರಿಗೆ ದುಪ್ಪಟಿ ಹೊದಿಸಿ, ಕೈ ಮುಗಿದು, ಹೊರಗೆ ಬಂದು ಜಗುಲಿಯ ಮೇಲೆ ಹೆಂಡತಿಯ ಪಕ್ಕ ಕೂತ. ಅವಳ ತವರಿನ ಹಸುಗಳ ವಿಚಾರ ಒಂದೊಂದಾಗಿ ಕೇಳಿದ. ಯಾವುದು ಗಬ್ಬ, ಯಾವುದು ಒದೆಯುತ್ತದೆ ಎಂದು ಅವಳು ಹೇಳಿದಳು. ಗಾಳಿ ತಣ್ಣಗಿತ್ತು. ಅಂಥ ಸಂಜೆ ಮದುವೆಯಾದ ಹೊಸದರಲ್ಲೂ ಬಂದಿರಲಿಲ್ಲ ಎಂದು ಅವಳಿಗನ್ನಿಸಿತು.

ಭಾನುವಾರ ಸಂಜೆ ಅವನು ಅಡುಗೆಮನೆಗೆ ಬಂದ.

"ಶ್ಯಾಮಲಾ, ದೋಸೆ ಯಾಕೆ ಸೀದೋಯ್ತು?"

"ನಿಮ್ಮತ್ರ ಮಾತಾಡ್ತಾ ಇದ್ನಲ್ಲ ರೀ."

"ಅದು ನೆಪ. ತಪ್ಪು ನನ್ದು ಅಂತ ಜೋರಾಗಿ ಹೇಳು. ಒಪ್ಕೊಂಡ್ರೇನೇ ಮೇಲೇರೋದು."

ಸೋಮವಾರ ಒಲೆಗೆ ಬಂಗಾರಪೇಟೆ ಎಂದೂ ಪಾತ್ರೆ ತೊಳೆಯುವ ಜಾಗಕ್ಕೆ ಮಾರಿಕುಪ್ಪಂ ಎಂದೂ ಹೆಸರಿಟ್ಟ. ಸಾಸಿವೆ ಡಬ್ಬಿ ಕೋರಮಂಡಲದಲ್ಲಿ ಏನು ಮಾಡುತ್ತಿದೆ ಎಂದು ವಿಚಾರಣೆ ನಡೆಸಿದ. ಅವಳು ಈರುಳ್ಳಿ ಹೆಚ್ಚುವಾಗ ಹಿಂದೆ ನಿಂತು, "ಎಡಗಡೆ ಹಾಲು ಉಕ್ತಾ ಇದೆ, ಎಡಗಡೆ, ಎಡಗಡೆ!" ಎಂದು ಕೂಗಿ ಬೆರಳು ಕೊಯ್ಯಿಸಿದ. ಆಮೇಲೆ ನಡುಮನೆಗೆ ಹೋಗಿ ಧಾರಾವಾಹಿಗೆ ಕೂತ.

"ಅಮ್ಮ, ಆ ಸೊಸೆ ಬಾಗಿಲಿಗೆ ಬೆನ್ನು ಹಾಕಿ ನಿಂತವ್ಳಲ್ಲ, ಹಿಂದಿನಿಂದ ಯಾರಾದ್ರೂ ಬಂದ್ರೆ? ಗೋಡೆಗೆ ಒರಗಿ ನಿಲ್ಬೇಕು ತಾನೇ?"

"ಎದ್ದು ಓಗ್ಲಾ ಅತ್ಲಾಗೆ!" ಮುನಿನಾರಾಯಣಮ್ಮ ರಿಮೋಟು ಎಸೆದರು. "ಶ್ಯಾಮಲಾ, ಇವನ್ನ ಎಲ್ಲಾದ್ರೂ ಕೂರಿಸಮ್ಮ. ನಿನ್ನ ಕಾಲಿಗೆ ಬೀಳ್ತೀನಿ!"

ಅತ್ತೆಯಿಂದ ಇಂಥ ಮಾತು ಬರುವುದು ಸಾಮಾನ್ಯವಲ್ಲ. ಗಂಡಸರು ಮನೆಯಲ್ಲಿರಲಿ ಎಂದು ಹರಕೆ ಹೊರುವವರಿಗೆ ಅವರು ಬಂದ ಮೇಲೆ ಎಲ್ಲಿಡುವುದು ಎಂಬುದು ತಿಳಿದಿರುವುದಿಲ್ಲ, ಅದೇ ತೊಂದರೆ. ಶ್ಯಾಮಲ ಬೆರಳಿಗೆ ಬಟ್ಟೆ ಸುತ್ತಿಕೊಂಡು ಲಿಖಿತಳಿಗೆ ಫೋನ್ ಮಾಡಿದಳು.

"ಲಿಖಿತಾ, ನಿಮ್ಮ ಮಾವನ ಚಿನ್ನ ವಾಪಸ್ ಕಿತ್ಕೊಳ್ಳೋಕೆ ಆಗ್ತದಾ?"

"ಅಯ್ಯೋ ಅತ್ತೆ, ಕಿತ್ಕೊಳ್ಳೋದೇನು, ಇವತ್ತು ಸೀಸನ್ ಮುಗೀತಲ್ಲ! ಎಲ್ರ ರ‍್ಯಾಂಕೂ ಇಳೀತದೆ. ಮಾವ ಮತ್ತೆ ಬೆಳ್ಳಿನೇ."

ಪರೀಕ್ಷೆ ಪಾಸಾದವರನ್ನು ವರ್ಷಕ್ಕೆ ನಾಲ್ಕಾರು ಸಲ ಮತ್ತೆ ಅದೇ ಕ್ಲಾಸಿಗೆ ಕೂರಿಸುವ ಈ ಏರ್ಪಾಟು ಮೊದಲೇ ಗೊತ್ತಿದ್ದರೆ ಅವಳು ಎದೆ ಬಡಿದುಕೊಳ್ಳುತ್ತಿದ್ದಳು. ಈಗ ಕುಣಿಯುತ್ತಾ ನಡುಮನೆಗೆ ಬಂದಳು.

"ರೀ, ನಿಮ್ಮ ಚಿನ್ನ ಓಯ್ತಂತೆ! ಏಳ್ರಿ, ಕೂತ್ಕೊಳ್ರಿ ಆಡೋಕೆ."

ಸುಧಾಕರ್ ಅಲುಗಲಿಲ್ಲ. "ಓದ್ರೆ ಓಗ್ಲಿ ಬಿಡು. ಅಮ್ಮನ ಮೇಲೆ ಆಣೆ ಇಟ್ಟಿದೀನಿ. ನಂಗೀಗ ಮನೇನೇ ಇಷ್ಟ ಕಣೇ. ನಾಳೆಯಿಂದ ನಿನ್ನ ಸಾರು ಸರಿ ಮಾಡೋಣ ಅಂತಿದೀನಿ."

"ನನಗೇನೂ ಆಗಲ್ಲ, ಆಡ್ಲಾ!" ಎಂದರು ಮುನಿನಾರಾಯಣಮ್ಮ.

"ಪ್ಲಾಟಿನಂ ಬರೋವರ್ಗೂ ಆಡ್ರೀ. ವಜ್ರ ಬರೋವರ್ಗೂ ಆಡ್ರೀ. ನಾನು ಒಂದು ಮಾತೂ ಅನ್ನಲ್ಲ" ಎಂದು ಶ್ಯಾಮಲ ಗೋಗರೆದಳು.

ಅವನು ಗಡ್ಡ ಕೆರೆದುಕೊಂಡ. "ಆಡ್ತೀನಿ. ಆದ್ರೆ ಹೆಂಡ್ತಿಗೆ ಕೊಟ್ಟ ಮಾತು ಮುರಿದ ಅನ್ನೋ ಕೆಟ್ಟ ಹೆಸರು ನಂಗ್ಬೇಡ. ನೀನೇ ಮೈಕಿನಲ್ಲಿ ನಮ್ಮ ಹುಡುಗರಿಗೆ ಹೇಳ್ಬಿಡು."

ದುಪ್ಪಟಿ ತೆಗೆದದ್ದೂ ಅವಳೇ, ಸ್ವಿಚ್ ಹಾಕಿದ್ದೂ ಅವಳೇ. ಮೈಕಿಗೆ ಬಾಯಿಟ್ಟು, "ಗೋಪಿ ಅವ್ರೇ, ನಾನು ಶ್ಯಾಮಲ. ನಾನೇ ಇವ್ರನ್ನ ಆಡ್ರೀ ಅಂತ ಕಳಿಸ್ತಾ ಇದೀನಿ. ದಿನಾ ಆಡ್ಲಿ. ನೀವೆಲ್ರೂ ಬನ್ನಿ" ಎಂದಳು. ಆ ಕಡೆಯಿಂದ ಗಂಡಸರ ಸಂಭ್ರಮದ ಕೂಗು ಕೇಳೀತೆಂದು ಕಾದಳು. ಕೇಳಿದ್ದು ಹೆಂಗಸಿನ ದನಿ.

"ಏನ್ರೀ, ನಾನು ಗೋಪಿ ಅವ್ರ ಮನೆಯವಳು, ಕವಿತ. ನಿಮ್ಮನೆಯವ್ರ ಜೊತೆ ಇವ್ರೂ ಆಟ ಬಿಟ್ಟವ್ರೆ ಅಂತ ಕೇಳಿ ತವರಿಂದ ಬಸ್ ಹಿಡ್ಕೊಂಡು ಓಡಿ ಬಂದೆ. ಈಗಷ್ಟೇ ಇಬ್ರೂ ಕಾಫಿ ಇಟ್ಕೊಂಡು ಜಗುಲಿ ಮೇಲೆ ಕೂತಿದ್ವಿ. ಒಳಗೆ ಆರಿಸದೇ ಬಿಟ್ಟಿದ್ದ ಸ್ಪೀಕರಿನಲ್ಲಿ ನಿಮ್ಮ ಮಾತು ಕೇಳಿದ್ದೇ ಲೋಟ ಇಟ್ಟು ಎದ್ದು ಓಡಿ ಬಂದ್ರು. ನೀವೂ ಒಬ್ಬ ಹೆಂಗಸಾಗಿ, ನಾವು ನಿಮಗೇನು ಮಾಡಿದ್ವಿ ತಾಯಿ?"

ಶ್ಯಾಮಲ ಮೈಕಿನ ಕಡೆ ಬಗ್ಗಿದಳು. ಇನ್ನೆರಡು ದಿನ ಇಟ್ಟುಕೊಂಡು ನೋಡಮ್ಮ ಎಂದು ಹೇಳೋಣವೆಂದರೆ, ಮೊದಲನೆಯ ಸಂಜೆಯವಳಿಗೆ ಅದು ಎಲ್ಲಿ ಅರ್ಥವಾಗಬೇಕು? ಪಕ್ಕದಲ್ಲಿ ಗಂಡ ಆಗಲೇ ಓಡಿ ಹೋಗಿ ಮೂಲೆ ಹಿಡಿದು ಕೂತಿದ್ದ.

"ಹಲೋ? ಹಲೋ ಕವಿತಾ? ನೆಟ್‌ವರ್ಕ್ ಸರಿಯಿಲ್ಲ ಕಣ್ರೀ, ಏನೂ ಕೇಳಿಸ್ತಾ ಇಲ್ಲ" ಎಂದು ಹೇಳಿ, ಶ್ಯಾಮಲ ಎದ್ದು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.