ಸೊಟ್ಟ ಹ್ಯಾಂಡಲಿನ ಗಾಡಿ

ಒಂದು ಸಾಮಾನು ತರಲು ಮನೆಯಿಂದ ಹೊರಟವನು ಅದೇ ಸಾಮಾನಿನೊಂದಿಗೆ ಮರಳಿ ಬಂದ ಉದಾಹರಣೆ ನಮ್ಮ ವಂಶದಲ್ಲಿ ಕಡಿಮೆ. ನಮ್ಮಪ್ಪ ಒಮ್ಮೆ ಕಂಬಳಿ ತರಲೆಂದು ಸಂತೆಗೆ ಹೋಗಿ ಹಾರ್ಮೋನಿಯಂ ತಂದಿದ್ದ. ಆ ಚಳಿಗಾಲವಿಡೀ ನಾವು ಮಕ್ಕಳು ಗಡಗಡ ನಡುಗುತ್ತ ಅವನ ಸರಿಗಮಕ್ಕೆ ದನಿ ಕೂಡಿಸಿದೆವು. ನಡುಗುತ್ತಲೇ ಹಾಡಿದ್ದರಿಂದ ಮಕ್ಕಳಿಗೆ ಗಮಕ ತಾನಾಗಿಯೇ ಬಂತೆಂದು ಅಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ. ಹೀಗಾಗಿ ಕಳೆದ ಬೇಸಿಗೆಯ ಕೊನೆಯಲ್ಲಿ ಒಂದು ಮೇಜು ತರಲು ಕುಡಚಡೆಗೆ ಹೋದ ನಾನು ಮೋಟಾರ್ ಸೈಕಲ್ ತಂದೆನೆಂದರೆ, ತಪ್ಪೆಲ್ಲ ನನ್ನೊಬ್ಬನದೇ ಅಲ್ಲ. ರಕ್ತದ ಪಾಲೂ ಅದರಲ್ಲಿದೆ.

ಮೇಜು ಬೇಕಾಗಿದ್ದುದು ನನ್ನ ಹೆಂಡತಿ ಶಾಂತಾಳಿಗೆ. ನಾವಿರುವುದು ಗೋವಾದ ವಾಸ್ಕೋದ ಮಂಗೋರ್ ಹಿಲ್‌ನಲ್ಲಿ. ಈ ಗುಡ್ಡದ ಮೇಲೆ ನಿಂತು ಯಾರಾದರೂ ‘ಏ ಬಸಪ್ಪಾ’ ಎಂದು ಕೂಗಿದರೆ ನಾಲ್ಕು ಕಿಟಕಿಗಳಾದರೂ ತೆರೆಯುತ್ತವೆ. ಅಷ್ಟು ನಮ್ಮ ಕಡೆಯ ಮಂದಿ. ಅವರಿಗೆಲ್ಲ ಶಾಂತಾ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ಬಡಿದ ರೊಟ್ಟಿ ಆರಿಸಲು ಉದ್ದನೆಯ ಮೇಜೊಂದು ಬೇಕೆಂದು ಬಹಳ ದಿನದಿಂದ ಹೇಳುತ್ತಿದ್ದಳು. ಕುಡಚಡೆಯಲ್ಲಿ ಮಾರ್ತಾ ಬಾಯಿ ಎಂಬ ವಯಸ್ಸಾದ ಹೆಂಗಸು, ಗಂಡ ತೀರಿಕೊಂಡ ಮೇಲೆ ಹಿತ್ತಲ ಶೆಡ್ಡಿನ ಸಾಮಾನನ್ನೆಲ್ಲ ಮಳೆಗಾಲಕ್ಕೆ ಮುಂಚೆ ಬೇಕಾದವರಿಗೆ ಕೊಡುತ್ತಿದ್ದಾಳೆಂದು ಗೆಳೆಯ ಯಲ್ಲಪ್ಪ ಸುದ್ದಿ ತಂದ. ಅವನದೇ ಟೆಂಪೋದಲ್ಲಿ ಹೋದೆವು. ಮೇಜು ಇತ್ತು. ಒಳ್ಳೆಯ ಮೇಜೇ. ಆದರೆ ಅದನ್ನು ಹೊರಗೆಳೆದಾಗ ಅದರ ಹಿಂದೆ, ಗೋಣಿಚೀಲ ಹೊದ್ದುಕೊಂಡು, ಮೇಕೆಯ ಹಾಗೆ ಸಪೂರವಾದ ಮೋಟಾರ್ ಸೈಕಲ್ಲೊಂದು ಗೋಡೆಗೆ ಒರಗಿ ನಿಂತಿತ್ತು.

ಅಂಥ ಗಾಡಿಯನ್ನು ನಾನು ಎಲ್ಲಿಯೂ ಕಂಡಿರಲಿಲ್ಲ; ಕಾಣುವಂತೆಯೂ ಇರಲಿಲ್ಲ, ಏಕೆಂದರೆ ಜಗತ್ತಿನಲ್ಲಿ ಅದೊಂದೇ ಇದ್ದದ್ದು. ಬಾಯಿಯ ಗಂಡ ಮಿಂಗೆಲ್ ಗಣಿಯ ಲಾರಿಗಳನ್ನು ರಿಪೇರಿ ಮಾಡುತ್ತಿದ್ದವರು. ಯಾವುದೋ ಹಳೆಯ ಪರದೇಶಿ ಪತ್ರಿಕೆಯಲ್ಲಿ ಜನ ಬಂಡೆಗಲ್ಲುಗಳ ಮೇಲೆ ಮೋಟಾರ್ ಸೈಕಲ್ ಹತ್ತಿಸುವ ಚಿತ್ರ ನೋಡಿ ಹುಚ್ಚು ಹತ್ತಿಸಿಕೊಂಡು, ತಾವೇ ಒಂದನ್ನು ಕಟ್ಟಿದ್ದರು. ಮೈಯೆಲ್ಲ ನೀರಿನ ಪೈಪು. ಹೊಟ್ಟೆಯಲ್ಲಿ ಯಾವುದೋ ಕಾಲದ ಟೂ-ಸ್ಟ್ರೋಕ್ ಎಂಜಿನ್. ಪೆಟ್ರೋಲ್ ಟಾಕಿ ಎಂದರೆ ಗೇರು ತೋಟಕ್ಕೆ ಔಷಧ ಹೊಡೆಯುವ ಪಂಪಿನ ತಾಮ್ರದ ಡಬ್ಬಿ. ಈ ಆಟದ ಹೆಸರು ಟ್ರಯಲ್ಸ್ ಅಂತೆ. ಇದರಲ್ಲಿ ಮೊದಲು ಮುಟ್ಟಿದವನು ಗೆಲ್ಲುವುದಿಲ್ಲ. ಕಲ್ಲು, ಕೊರಕಲು, ಬೇರು ಎಲ್ಲವನ್ನೂ ದಾಟುವಾಗ ನೆಲಕ್ಕೆ ಕಾಲೂರದವನು ಗೆಲ್ಲುತ್ತಾನೆ.

“ಆಯತವಾರ ಚರ್ಚಿಗೆ ಹೋಗಿ ಬಂದ್ ಮ್ಯಾಗ ಆ ಗುಡ್ಡಾ ಹತ್ತತಿದ್ದ,” ಎಂದಳು ಬಾಯಿ. ಅವಳ ಕನ್ನಡ ನಮ್ಮ ಕಡೆಯ ಲಾರಿ ಡ್ರೈವರುಗಳಿಂದ ಕಲಿತದ್ದು. “ಸ್ಪರ್ಧಾದಾಗ ಅವ ಒಬ್ಬನ ಇರತಿದ್ದ. ಆದ್ರೂ ಸೋತ ಬರತಿದ್ದ.”

ಹೀಗೆ ಒಬ್ಬನೇ ಸ್ಪರ್ಧಿಸಿ ಸೋತು ಬರುವ ಮನುಷ್ಯನ ಬಗ್ಗೆ ನನಗೆ ಒಮ್ಮೆಲೇ ಅಪಾರ ಗೌರವ ಹುಟ್ಟಿತು. ಟೆಂಪೋದಲ್ಲಿ ಒಂದಕ್ಕೇ ಜಾಗವಿತ್ತು. ಯಲ್ಲಪ್ಪ ನನ್ನ ಮುಖ ನೋಡಿದ. ಮೇಜನ್ನು ನಾವೇ ಮತ್ತೆ ಒಳಗಿಟ್ಟೆವು. ಬಾಯಿ ಒಂದೇ ಮಾತು ಹೇಳಿದಳು: “ಚಾಲೂ ಆತಂದ್ರ ನನಗ ಕೇಳಸಬೇಕು, ಪುತಾ. ಅದರ ಸದ್ದ ಕೇಳದ ಭಾಳ ದಿವಸ ಆತು.” ಮಗನೇ ಎಂದು ಕರೆದವಳಿಗೆ ಆಗಲಿ ಎನ್ನದಿರಲು ಹೇಗೆ ಸಾಧ್ಯ? ಎಂಜಿನ್ನಿನ ಬಗ್ಗೆ ನನಗೆ ಏನೂ ಗೊತ್ತಿಲ್ಲವೆಂಬುದು ಅರ್ಧ ದಾರಿಗೆ ಬಂದ ಮೇಲೆ ನೆನಪಾಯಿತು. ಬಂದರಿನಲ್ಲಿ ನನ್ನ ಕೆಲಸ ಕ್ರೇನ್ ನಡೆಸುವವನಿಗೆ ಕೆಳಗೆ ನಿಂತು ಕೈಸನ್ನೆ ಮಾಡುವುದು: ಎತ್ತು, ಇಳಿಸು, ಸಾವಕಾಶ, ನಿಲ್ಲಿಸು. ಯಂತ್ರಗಳು ದೂರದಿಂದ ನನ್ನ ಮಾತು ಕೇಳುತ್ತವೆ, ಹತ್ತಿರ ಹೋದರೆ ಗುರುತು ಹಿಡಿಯುವುದಿಲ್ಲ.

ಶಾಂತಾ ಬಾಗಿಲಲ್ಲಿ ನಿಂತು ಗಾಡಿಯನ್ನು ಮೇಲಿಂದ ಕೆಳಗೆ ನೋಡಿದಳು. “ಮೇಜಿನ ಕಾಲ ಚಲೋ ಅದಾವರಿ. ದುಂಡಗ ಅದಾವ,” ಎಂದಳು. ಆಮೇಲೆ, “ಕುಂದ್ರಾಕ ಜಾಗಾ ಎಲ್ಲೈತ್ರಿ ಇದಕ್ಕ?”

“ಇದನ್ನ ನಿಂತ ಹೊಡೀಬೇಕು.”

“ಜಲ್ದಿ ಹೊಕ್ಕೈತೇನು?”

“ಇಲ್ಲ. ಭಾಳ ಸಾವಕಾಶ ಹೊಕ್ಕೈತಿ.”

“ನಿಂತಕೊಂಡು ಸಾವಕಾಶ ಹೋಗಾಕ ನಮಗ ಕಾಲ ಅದಾವಲ್ರಿ!” ಎಂದು ಒಳಗೆ ಹೋದಳು. ಟ್ರಯಲ್ಸ್ ಆಟದ ಬಗ್ಗೆ ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆಯನ್ನು ನಾನು ಇನ್ನೂ ಕೇಳಿಲ್ಲ.

ಅಷ್ಟರಲ್ಲಿ ಮಳೆ ಹಿಡಿಯಿತು. ಗಾಡಿ ಪಡಸಾಲೆಯಲ್ಲಿಯೇ ನಿಂತಿತು. ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ನಾನು ಅದರ ಕಾಲ್ಮೆಟ್ಟಿನ ಮೇಲೆ ನಿಂತು ಗೋಡೆಗೆ ಹೆಗಲು ಕೊಟ್ಟು ಕಣ್ಣು ಮುಚ್ಚುತ್ತಿದ್ದೆ. ತಗಡಿನ ಮೇಲೆ ಮಳೆ ಸುರಿಯುತ್ತಿತ್ತು. ಕೆಳಗಿನ ಬಂದರಿನಿಂದ ಹಡಗಿನ ಕೂಗು ಒದ್ದೆಯಾಗಿ ಏರಿ ಬರುತ್ತಿತ್ತು. ಆಗ ನಮ್ಮ ಪಡಸಾಲೆಯ ನೆಲ ಮೆಲ್ಲಗೆ ಕೆಂಪಾಗಿ, ಉಬ್ಬಿ, ಗುಡ್ಡವಾಗುತ್ತಿತ್ತು. ನಾನು ಮಂಜಿನೊಳಗೆ ಕಲ್ಲಿನಿಂದ ಕಲ್ಲಿಗೆ ಏರುತ್ತಿದ್ದೆ. ಅವಸರವಿಲ್ಲ, ಹಿಂದಿನಿಂದ ಹಾರ್ನ್ ಹೊಡೆಯುವವರಿಲ್ಲ, ಕಾಲು ನೆಲಕ್ಕೆ ತಾಗುವುದಿಲ್ಲ. ಬದುಕಿನಲ್ಲಿ ಎಂದೂ ಸಿಗದ ಸಮತೂಕ ಅಲ್ಲಿ ಸಿಗುತ್ತಿತ್ತು. “ರೀ, ಸ್ವಲ್ಪ ಸರೀರಿ, ರೊಟ್ಟಿ ಹರವಬೇಕು,” ಎಂಬ ದನಿ ಕೇಳಿದಾಗ ಗುಡ್ಡ ಮತ್ತೆ ಚಪ್ಪಟೆಯಾಗುತ್ತಿತ್ತು. ನಾನು ಎರಡೂ ಕಾಲೂರಿ ಇಳಿಯುತ್ತಿದ್ದೆ.

ರಿಪೇರಿಯೆಲ್ಲ ಮಾಡಿದ್ದು ನಮ್ಮ ಓಣಿಯ ವೆಲ್ಡರ್ ಮೌಲಾಸಾಬ. ಕಿಟಕಿಯ ಜಾಲರಿ, ಗೇಟು ಮಾಡುವವನು. ಮೋಟಾರ್ ಸೈಕಲ್ ಅವನಿಗೂ ಹೊಸದು. ಅದನ್ನು ಅವನು ಗಾಲಿ ಇರುವ ಗೇಟೆಂದು ತಿಳಿದುಕೊಂಡು ಧೈರ್ಯ ಮಾಡಿದ. ಒಂದೇ ಒಂದು ಇರುವ ಗಾಡಿಗೆ ಬಿಡಿಭಾಗ ಎಲ್ಲಿಂದ ತರುವುದು? ಅಂಗಡಿಯವರು ಯಾವ ಮಾಡೆಲ್ ಎಂದು ಕೇಳಿದರೆ ನಾನು ‘ಮಿಂಗೆಲ್’ ಎನ್ನುತ್ತಿದ್ದೆ. ಅವರು ಗಂಭೀರವಾಗಿ, ಆ ಕಂಪನಿಯ ಮಾಲು ಬರುವುದು ನಿಂತಿದೆ ಎನ್ನುತ್ತಿದ್ದರು. ತುಕ್ಕು ತಿಕ್ಕಿದೆವು, ಟಾಕಿ ತೊಳೆದೆವು, ಪೈಪಿಗೆ ಹಸಿರು ಬಣ್ಣ ಬಳಿದೆವು. ಒಂದು ದಿನ ಮೌಲಾಸಾಬ, “ಅಣ್ಣಾರ, ಹ್ಯಾಂಡಲ್ ಎಡಕ ಸೊಟ್ಟ ಆಗೈತಿ, ಎಲ್ಲೋ ಬಿದ್ದಿರಬೇಕು,” ಎಂದ. ಎಡತುದಿ ಸವಾರನ ಕಡೆಗೆ ಚೆನ್ನಾಗಿ ಒಳಬಾಗಿತ್ತು. ಕಾಸಿ, ಬಡಿದು, ನೆಟ್ಟಗೆ ಮಾಡಿಸಿದೆ. ಎಷ್ಟು ನೆಟ್ಟಗೆಂದರೆ, ನೋಡಿದವರು ಕೈಮುಗಿಯಬೇಕು. ಈ ನಡುವೆ ಶಾಂತಾಳ ಗಿರಾಕಿಗಳು, “ಅಕ್ಕಾರ, ರೊಟ್ಟ್ಯಾಗ ಪೆಟ್ರೋಲ್ ವಾಸನಿ ಬರಾಕತ್ತೈತ್ರಿ,” ಎನ್ನತೊಡಗಿದ್ದರು. “ಈ ಗಾಡಿ ಹೋಗಬೇಕು, ಇಲ್ಲಾ ನನ್ನ ಹಂಚ ಹೋಗಬೇಕು,” ಎಂದು ಶಾಂತಾ ಖಡಾಖಂಡಿತವಾಗಿ ಹೇಳಿದಳು. ರೊಟ್ಟಿಯ ಹಂಚು ಹೋದರೆ ಊಟವೂ ಹೋಗುತ್ತದೆಂಬ ಅರಿವು ನನಗಿತ್ತು.

ಅದೇ ವಾರ ವಾಸ್ಕೋಗೆ ನೆಂಟರ ಮನೆಗೆ ಬಂದ ಮಾರ್ತಾ ಬಾಯಿ, ಹಾಗೆಯೇ ನಮ್ಮ ಮನೆಗೂ ಬಂದಳು. ಒದ್ದೆ ಕೊಡೆಯನ್ನು ಮೂಲೆಗಿಟ್ಟು ಗಾಡಿಯ ಸುತ್ತ ಒಂದು ಸುತ್ತು ಬಂದಳು. ಬಗ್ಗಿ ನೋಡಿದವಳು ಕೂಗಿಯೇಬಿಟ್ಟಳು. ಎಂಜಿನ್ನಿಗೆ ಕಲ್ಲು ಬಡಿಯದಂತೆ ಕೆಳಗೆ ಹೊಡೆದಿದ್ದ ತಗಡು ಅವಳು ಬಿಬಿಂಕವೆಂಬ ಪದರುಪದರಿನ ಸಿಹಿ ಬೇಯಿಸುತ್ತಿದ್ದ ತಟ್ಟೆಯೇ ಅಂತೆ! “ಕೆಲಸದಾಕಿ ಕದ್ದಾಳಂತ ತಿಳದಿದ್ದೆ. ಈ ಬದ್ಮಾಶ ಗಂಡ ಕದ್ದಾನ!” ಎಂದು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ಎದ್ದು ಹ್ಯಾಂಡಲ್ ಹಿಡಿದಳು. ನಗು ನಿಂತಿತು.

“ಕಿತೆಂ ಕೆಲೆಂ ರೇ ತುವೆಂ?” ಎಂದಳು. ಏನು ಮಾಡಿದೆಯೋ ನೀನು ಎಂದು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. ಮಿಂಗೆಲ್ ಅವರ ಎಡಗೈ ಮೇಲೆ ಲಾರಿಯ ಚಕ್ರ ಬಿದ್ದು, ಮುರಿದ ಮೊಣಕೈ ಮಡಚಿದಂತೆಯೇ ಕೂಡಿಕೊಂಡಿತ್ತಂತೆ. ಆಮೇಲೆ ಅದು ನೆಟ್ಟಗಾಗಲೇ ಇಲ್ಲ. ಆ ಕೈಗೆ ಎಟುಕಲೆಂದೇ ಅವರು ಹ್ಯಾಂಡಲನ್ನು ಬಗ್ಗಿಸಿಕೊಂಡಿದ್ದರು. ಇಡೀ ಗಾಡಿಯಲ್ಲಿ ಖರೇ ಮಿಂಗೆಲ್ ಇದ್ದುದು ಆ ಸೊಟ್ಟಿನಲ್ಲಿ. ನಾನು ಅದನ್ನೇ ನೆಟ್ಟಗೆ ಮಾಡಿಸಿದ್ದೆ.

ಮೌಲಾಸಾಬನನ್ನು ಕರೆಸಿದೆ. ಅವನು ತಲೆ ಕೆರೆದುಕೊಂಡ. “ಸೊಟ್ಟ ಇದ್ದದ್ದು ನೆಟ್ಟಗ ಮಾಡಸಾಕ ಮಂದಿ ಬರತಾರ್ರಿ. ನೆಟ್ಟಗಿದ್ದದ್ದು ಸೊಟ್ಟ ಮಾಡು ಅಂದಾವ್ರು ನೀವ ಮೊದಲು. ಎಷ್ಟ ಸೊಟ್ಟ ಬೇಕ್ರಿ?”

ಅದು ಯಾರಿಗೂ ಗೊತ್ತಿರಲಿಲ್ಲ. ಆಗ ಬಾಯಿ ಚಪ್ಪಲಿ ಕಳಚಿ ಪಡಸಾಲೆಯ ನಡುವೆ ಬಂದು ನಿಂತಳು. “ಬಾ ಇಲ್ಲಿ,” ಎಂದು ನನ್ನನ್ನು ಕರೆದು, ಬಲಗೈ ಎತ್ತಿ ನನ್ನ ಎಡಗೈ ಹಿಡಿದಳು. ಮದುವೆಮನೆಗಳಲ್ಲಿ ಮಿಂಗೆಲ್ ಜೊತೆ ಅವಳು ಬಹಳ ವರ್ಷ ಕುಣಿದಿದ್ದಳು. ಎಲ್ಲರ ಜೋಡಿ ಕೈ ಉದ್ದಕ್ಕೆ ಚಾಚಿಕೊಂಡಿದ್ದರೆ, ಇವರದು ಮಾತ್ರ ಒಳಗೆ ಮಡಚಿಕೊಂಡಿರುತ್ತಿತ್ತು. ಆ ಮಡಿಕೆ ಅವಳ ಕೈಗೆ ಬಾಯಿಪಾಠವಾಗಿತ್ತು. ಕಣ್ಣು ಮುಚ್ಚಿ ಏನೋ ಗುನುಗುತ್ತ, ನನ್ನ ಕೈಯನ್ನು ಮೆಲ್ಲಗೆ ಒಳಕ್ಕೆ ತಂದಳು, ಸ್ವಲ್ಪ ಹೊರಗೆ ಬಿಟ್ಟಳು, ಮತ್ತೆ ತಂದಳು. ಹಾಗೆಯೇ ಎರಡು ಹೆಜ್ಜೆ ಹಾಕಿದಳು. ನಾನೂ ಹಾಕಿದೆ. ಆರುತ್ತಿದ್ದ ರೊಟ್ಟಿಗಳ ನಡುವೆ, ಜೋಳದ ಹಿಟ್ಟಿನ ಘಮದಲ್ಲಿ, ಕಾಣದ ಬ್ಯಾಂಡೊಂದು ನುಡಿಯುತ್ತಿರುವಂತೆ ನನಗೆ ತೇಲಿದ ಹಾಗಾಯಿತು. ಅವಳು ನಿಂತಳು. “ಹಾಂ. ಇಷ್ಟ,” ಎಂದಳು.

ನಾನು ಅಲುಗಾಡದೆ ನಿಂತೆ. ಮೌಲಾಸಾಬ ಒಂದು ತಂತಿಯನ್ನು ನನ್ನ ತೋಳಿನ ಗುಂಟ ಬಗ್ಗಿಸಿ ಅಳತೆ ತೆಗೆದುಕೊಂಡ. ಶಾಂತಾ ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡು, ಮುಖವೆಲ್ಲ ಬೆಳ್ಳಗೆ ಮಾಡಿಕೊಂಡು, “ಇದು ಆ ಮನಿ ಗಾಡಿರಿ. ಅಲ್ಲೇ ಇರಲಿ,” ಎಂದಳು. ಹಂಚಿನ ಮಾತು ಮತ್ತೆ ಎತ್ತಲಿಲ್ಲ.

ಮಳೆ ಹೊಳವಾದ ಮೇಲೆ ಗಾಡಿಯನ್ನು ಕುಡಚಡೆಗೆ ಒಯ್ದೆವು. ಶಾಂತಾಳೂ ಬಂದಳು. ಮಂಗೋರ್ ಹಿಲ್‌ನಲ್ಲಿ ಎಷ್ಟು ಒದ್ದರೂ ಮುನಿಸಿಕೊಂಡೇ ಇದ್ದ ಎಂಜಿನ್, ಬಾಯಿಯ ಹಿತ್ತಲಲ್ಲಿ ಒಂದೇ ಒದೆಗೆ ಕೆಮ್ಮಿ, ಹೊಗೆ ಉಗುಳಿ, ಹೊತ್ತಿಕೊಂಡಿತು. ಮನೆಯ ಹಿಂದಿನ ಕೆಂಪು ದಿಬ್ಬದತ್ತ ನಾನು ಹೊರಟೆ. ಮತ್ತೆ ಸೊಟ್ಟ ಮಾಡಿಸಿದ್ದ ಆ ಹ್ಯಾಂಡಲ್ ಹಿಡಿಯಲು ನನ್ನ ನೆಟ್ಟಗಿನ ಕೈಗೆ ಬರಲಿಲ್ಲ. ಗಾಡಿ ತನ್ನಷ್ಟಕ್ಕೆ ಎಡಕ್ಕೆ ತಿರುಗುತ್ತಿತ್ತು. ಕಾಲೂರಬಾರದ ಆಟದಲ್ಲಿ ನಾನು ಎರಡೂ ಕಾಲಿನಿಂದ ನಡೆಯುತ್ತ, ಗಾಡಿಯನ್ನು ಎಮ್ಮೆಯ ಹಾಗೆ ಹೊಡೆದುಕೊಂಡು ದಿಬ್ಬ ಹತ್ತಿದೆ. ತಿರುಗಿ ನೋಡಿದರೆ ಬಾಯಿ ಪಡಸಾಲೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದಳು. ಈಗ ಅವಳು ಅಳುತ್ತಾಳೆಂದುಕೊಂಡು, ಅದಕ್ಕೆ ಒಪ್ಪುವಂಥ ಮುಖವನ್ನು ಸಿದ್ಧಮಾಡಿಕೊಂಡೆ.

ಬಾಯಿ ಕಣ್ಣು ತೆರೆದು, ಎದ್ದು ನಿಂತು, “ಬಂದ್ ಕರ್ ರೇ!” ಎಂದು ಗುಡ್ಡಕ್ಕೆ ಕೇಳುವಂತೆ ಕಿರುಚಿದಳು. ಬೆನ್ನಿಗೇ ಲಾರಿ ಡ್ರೈವರುಗಳಿಂದ ಕಲಿತ ಅಪ್ಪಟ ಕನ್ನಡ ಬೈಗುಳಗಳು ಬಂದವು, ಇಲ್ಲಿ ಬರೆಯುವಂಥವಲ್ಲ. ನಾನು ಗಾಬರಿಯಾಗಿ ಎಂಜಿನ್ ಆರಿಸಿದೆ. ಬಾಯಿ ಕುರ್ಚಿಗೆ ಒರಗಿ ಉಸಿರುಬಿಟ್ಟಳು. ಮುಖ ಹಗುರಾಗಿತ್ತು.

“ದರ ಆಯತವಾರ ಅವನಿಗೆ ಹಿಂಗ ಬೈತಿದ್ದೆ,” ಎಂದಳು. “ಬೈದು ಭಾಳ ದಿವಸ ಆಗಿತ್ತು. ಇನ್ನೊಮ್ಮಿ ಚಾಲೂ ಮಾಡು, ಪುತಾ.”

ಈಗ ರಜೆ ಸಿಕ್ಕಿದಾಗಲೆಲ್ಲ ನಾವಿಬ್ಬರೂ ಕುಡಚಡೆಯ ರೈಲು ಹತ್ತುತ್ತೇವೆ. ನಾನು ದಿಬ್ಬದ ಮೇಲೆ ಕಾಲೂರುತ್ತ ಎಡಕ್ಕೆ ಸುತ್ತುತ್ತೇನೆ. ಪಡಸಾಲೆಯಲ್ಲಿ ಬಾಯಿ ಬೈಯುತ್ತಾಳೆ. ಅವಳಿಗೆ ಮಾತು ತಪ್ಪಿದಲ್ಲಿ ಶಾಂತಾ ಎತ್ತಿಕೊಡುತ್ತಾಳೆ. ಮನೆಯಲ್ಲಿ ಕುಳಿತಲ್ಲಿಯೇ ಸಿಗುವುದನ್ನು ಟಿಕೀಟು ತೆಗೆಸಿ ರೈಲಿನಲ್ಲಿ ಹೋಗಿ ಕೇಳಿ ಬರುವವನು, ಅದಕ್ಕಾಗಿ ವಾರವಿಡೀ ಕಾಯುವವನು ಇಡೀ ಗೋವಾದಲ್ಲಿ ನಾನೊಬ್ಬನೇ ಇರಬೇಕು.