ಮೂರು ತೂತು, ಎರಡು ಚೀಲ

ಹಾನಗಲ್ಲಿನ ಹುಸೇನಸಾಬನ ಗ್ಯಾರೇಜಿನ ಕಟ್ಟೆಯ ಮೇಲೆ ಕುಳಿತು ಅವನ ಹೆಂಡತಿ ಕುಲಸುಮಬಿ ಬೋಲ್ಟುಗಳನ್ನು ಡೀಸೆಲ್ಲಿನಲ್ಲಿ ತೊಳೆಯುತ್ತಿದ್ದಳು. ತೊಳೆದದ್ದನ್ನು ಒರೆಸಿ, ಬಿಚ್ಚಿದ ಸಾಲಿನಲ್ಲೇ ಒಂದು ತಂತಿಗೆ ಪೋಣಿಸುತ್ತಿದ್ದಳು. ಎದುರಿಗೆ ಲಾರಿ ಮಾಲೀಕ ಚನ್ನೇಶ ಗೋಣಿಚೀಲದ ಬಾಯಿ ಬಿಚ್ಚುತ್ತಿದ್ದ.

ಚೀಲದಲ್ಲಿದ್ದದ್ದು ಅವನ ಹಳೆಯ ಲಾರಿಯ ಮ್ಯಾನಿಫೋಲ್ಡು, ಅಂದರೆ ಎಂಜಿನ್ನಿಗೆ ಗಾಳಿ ಹಂಚುವ ಕಬ್ಬಿಣದ ಕೊಳವೆ. ತಳ ಉಜ್ಜಿ ಸಮ ಮಾಡಿಸಲು ಹುಬ್ಬಳ್ಳಿಯ ಲೇತ್ ಅಂಗಡಿಗೆ ಹೋಗಿದ್ದ ಅದು, ಈ ಕಡೆಯ ಎಲ್ಲ ಬಿಡಿಭಾಗಗಳಂತೆ, ಬಸ್ಸಿನ ಸೀಟಿನ ಕೆಳಗೆ ಕುಳಿತು ಊರಿಗೆ ಮರಳಿತ್ತು. ಸಂಜೆಯೊಳಗೆ ಸರೋಜವ್ವನ ಅರವತ್ತು ಚೀಲ ಭತ್ತ ಅಕ್ಕಿ ಗಿರಣಿ ಸೇರಬೇಕು. ಮುಗಿಲು ಬೇರೆ ಕಟ್ಟಿತ್ತು. "ಐದಕ್ಕ ನಿನ್ನ ಲಾರಿ ಬರಲಿಲ್ಲಂದ್ರ ಈ ಸುಗ್ಗಿ ಅಷ್ಟೂ ಬ್ಯಾರೆ ಲಾರಿಗೆ ನೋಡು" ಎಂದು ಅವಳು ಆಗಲೇ ಹೇಳಿ ಹೋಗಿದ್ದಳು.

ಚನ್ನೇಶ ಮ್ಯಾನಿಫೋಲ್ಡನ್ನು ತಿರುಗಿಸಿ ನೋಡಿದ. ಗಾಳಿ ಹೋಗುವ ಬಾಯಿಗಳಲ್ಲದೆ ಮೈಮೇಲೆ ಮೂರು ಸಣ್ಣ ತೂತು. ಹನ್ನೆರಡು ವರ್ಷ ಓಡಿಸಿದ ಲಾರಿ, ಆದರೆ ಈ ಭಾಗವನ್ನು ಅವನು ಕಂಡದ್ದು ಬೆರಳು ದಪ್ಪ ಮಸಿಯ ಕೆಳಗೆ ಮಾತ್ರ. ಈಗ ಅದು ಮೊದಲ ಸಲ ಗಡ್ಡ ಬೋಳಿಸಿಕೊಂಡ ಮಾವನ ಹಾಗೆ ಗುರುತು ಸಿಗದೆ ಹೊಳೆಯುತ್ತಿತ್ತು. ಹುಸೇನಸಾಬನನ್ನು ಕೇಳೋಣವೆಂದರೆ ಅವನು ಆಡೂರಿನ ಮದುವೆಯಲ್ಲಿದ್ದ. ಫೋನಿನಲ್ಲಿ ಬ್ಯಾಂಡಿನ ಸದ್ದಷ್ಟೇ ಕೇಳಿಸಿತು.

ಬಿಚ್ಚಿದ ಎಂಜಿನ್ ಕಂಡರೆ ಜನ ತಾವಾಗಿ ಬರುತ್ತಾರೆ. ಮೊದಲು ಬಂದವನು ಪಕ್ಕದ ಟ್ರ್ಯಾಕ್ಟರ್ ಮಾಲೀಕ ನಾಗಪ್ಪ. ತೂತಿನೊಳಗೆ ಕಿರುಬೆರಳು ಹಾಕಿ, ನಾಡಿ ನೋಡುವವನಂತೆ ಕಣ್ಣು ಮುಚ್ಚಿ, ಇದು ಎಂಜಿನ್ನಿಗೆ ಸೆಕೆಯಾದಾಗ ಉಸಿರಾಡಲು ಇಟ್ಟದ್ದು ಎಂದ. ಎದುರುಮನೆಯ ನಿವೃತ್ತ ಮಾಸ್ತರ ಗುರುರಾಜರು ಮೊಬೈಲಿನಲ್ಲಿ ಯಾವುದೋ ದೇಶದ ವಿಡಿಯೋ ತೆರೆದು, ಒಂದು ತೂತು ಹಿಮ ಬೀಳುವ ಊರಿನದ್ದೆಂದು ಹೇಳಿದರು. ಹಾನಗಲ್ಲಿನಲ್ಲಿ ಹಿಮ ಯಾವಾಗ ಬಿದ್ದಿತ್ತು ಎಂದು ನಾಗಪ್ಪ ಕೇಳಿದ್ದೇ ತಪ್ಪಾಗಿ ಅರ್ಧ ಗಂಟೆ ವಾದ ನಡೆಯಿತು. ಕೊನೆಗೆ ಇಬ್ಬರೂ ಒಪ್ಪಿದ್ದು ಒಂದೇ ಮಾತಿಗೆ: ಧೂಳು ಒಳಗೆ ಹೋದರೆ ಎಂಜಿನ್ ಕೆಡುತ್ತದೆ, ಮೂರನ್ನೂ ಮುಚ್ಚಿಸು.

ಕುಲಸುಮಬಿ ಒಮ್ಮೆ ತಲೆಯೆತ್ತಿ ನೋಡಿದಳು. ಅವಳನ್ನು ಯಾರೂ ಕೇಳಲಿಲ್ಲ.

ಚನ್ನೇಶ ವೆಲ್ಡಿಂಗ್ ಅಂಗಡಿಗೆ ಓಡಿ, ತೂತು ಮುಚ್ಚಿಸಿಕೊಂಡು ಹತ್ತಕ್ಕೆ ಮರಳಿದ. ಕೂರಿಸಲು ಹೋದರೆ ಯಾವ ಬೋಲ್ಟು ಎಲ್ಲಿಗೆಂದು ತಿಳಿಯದು. ಕುಲಸುಮಬಿ ಎದ್ದು ಬಂದು ತಂತಿಯಿಂದ ಒಂದೊಂದೇ ಬಿಡಿಸಿ ಅವನ ಕೈಗಿಟ್ಟಳು. ಉದ್ದದ್ದು, ಗಿಡ್ಡದ್ದು, ಮತ್ತೆ ಉದ್ದದ್ದು. ಒಂದೂ ತಪ್ಪಲಿಲ್ಲ. ಎಂಜಿನ್ ಮೊದಲ ಸಲಕ್ಕೇ ಶುರುವಾಯಿತು. ಮಾಸ್ತರರು ಚಪ್ಪಾಳೆ ತಟ್ಟಿದರು.

ಆಗ ಕುಲಸುಮಬಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮೆಲ್ಲಗೆ ಹೇಳಿದಳು, "ಇದು ನಿಂದಲ್ಲೋ ಚನ್ನೇಶ."

ಚನ್ನೇಶ ಎಂಜಿನ್ ಆರಿಸಿದ.

"ಮೊದಲಿನ ತೂತು ಬ್ರೇಕಿನ ಗಾಳಿ ಪಂಪಿಗೆ ಹೋಗೂದು. ನಡುವಿಂದು ಚಳಿಗೆ ಎಂಜಿನ್ ಕಾಸೂ ಪ್ಲಗ್ಗಿನ ಪೈಪಿಂದು, ಮಾಸ್ತರು ಹೇಳಿದ್ದು ಖರೇನ. ಕಡೀದು ಎಂಜಿನ್ ಹೊಟ್ಟಿ ಒಳಗಿನ ಹೊಗಿ ತಿರುಗಿ ಎಳಕೊಳ್ಳಾಕ. ನಿನ್ನ ಲಾರಿಗೆ ಈ ಮೂರೂ ಪೈಪಿಲ್ಲ. ಹನ್ನೆರಡು ವರ್ಷ ಆತು, ಅದರ ಬೋಲ್ಟ್ ನಾನ ತೊಳ್ಯಾಕತ್ತೇನಿ. ಇದು ಸವಣೂರ ಲಾರಿ ಸಿರಾಜುದ್ದೀನಂದು. ಅವನ ಚೀಲಾನೂ ಹುಬ್ಬಳ್ಳಿ ಅದ ಲೇತ್ ಅಂಗಡಿಗೆ ಹೋಗಿತ್ತಂತ ನಮ್ಮ ಮನ್ಯಾವ್ರು ಹೇಳಿದ್ರು."

"ಮುಂಜಾನೇನ ಹೇಳಬಾರದೇನ್ರಿ, ಅಕ್ಕಾರ?"

"ನೀವು ಮೂರು ಮಂದಿ ಮಾತಾಡಾಕತ್ತಿದ್ರಿ."

ನಾಗಪ್ಪ ಕಿರುಬೆರಳನ್ನು ಜೇಬಿಗೆ ಸೇರಿಸಿದ. ಮಾಸ್ತರರು ಮೊಬೈಲು ಆರಿಸಿ, ನಲವತ್ತು ವರ್ಷ ಪಾಠ ಮಾಡಿದ ತಾವು ಕುಳಿತಲ್ಲಿಂದಲೇ ಅವಳಷ್ಟು ಸರಿಯಾಗಿ ಏನನ್ನೂ ಓದಿರಲಿಲ್ಲವೆಂದು ಒಪ್ಪಿಕೊಂಡರು. ಕುಲಸುಮಬಿ ನಾಚಿ ಡಬ್ಬಿಯ ಡೀಸೆಲ್ ಕಲಕಿದಳು.

ಚನ್ನೇಶ ಸವಣೂರಿಗೆ ಫೋನು ಹಚ್ಚಿದ. ನಿಜವೇ. ಅಲ್ಲಿ ಸಿರಾಜುದ್ದೀನ ಹಿಂದಿನ ದಿನದಿಂದ ಮೂರು ಪೈಪು ಹಿಡಿದುಕೊಂಡು ತೂತು ಹುಡುಕುತ್ತಿದ್ದನಂತೆ. ಈಗಲೇ ಬಸ್ಸಿಗೆ ಹಾಕೋಣ, ನಿಮ್ಮದು ನಿಮಗೆ, ನನ್ನದು ನನಗೆ ಎಂದ ಚನ್ನೇಶ. ವೆಲ್ಡಿಂಗಿನ ಸಂಗತಿ ಮಾತ್ರ ಅವನ ಗಂಟಲಲ್ಲೇ ಉಳಿಯಿತು. ಅತ್ತ ಸಿರಾಜುದ್ದೀನನೂ ಏನೋ ಹೇಳಹೋಗಿ, ಕೆಮ್ಮಿ, ಆಗಲಿ ಎಂದ.

"ಎಂಜಿನ್ ನಡೀತೈತಿ," ಎಂದಳು ಕುಲಸುಮಬಿ. "ಇವತ್ತ ಭತ್ತ ಸಾಗಸು. ನಾಳೆ ಕಳಸು."

ಬೇರೆಯವರ ವಸ್ತುವನ್ನು ಒಂದು ತಾಸೂ ಇಟ್ಟುಕೊಳ್ಳಬಾರದೆಂದು ಮಾಸ್ತರರು. ಸಿರಾಜುದ್ದೀನ ಖುದ್ದಾಗಿ ಬಂದು ವೆಲ್ಡಿಂಗ್ ನೋಡಿಬಿಟ್ಟರೆ ಎಂಬ ಹೆದರಿಕೆ ಚನ್ನೇಶನಿಗೆ. ಮ್ಯಾನಿಫೋಲ್ಡನ್ನು ಮತ್ತೆ ಬಿಚ್ಚಿದ. ಬೆಸೆದ ಜಾಗಕ್ಕೆ ಮಸಿ ಬಳಿದು, ಹರಕೆ ಒಪ್ಪಿಸುವವನಂತೆ ಅದನ್ನು ಸವಣೂರು ಬಸ್ಸಿಗೆ ಏರಿಸಿ ಬಂದ.

ಮೂರೂವರೆಗೆ ಆ ಕಡೆಯ ಚೀಲ ಬಂತು. ಎಲ್ಲರೂ ಸುತ್ತ ನಿಂತರು. ಒಳಗಿದ್ದದ್ದು ಅವನದೇ ಮ್ಯಾನಿಫೋಲ್ಡು, ಅನುಮಾನವಿಲ್ಲ. ಆದರೆ ಅದರ ಮೈಮೇಲೆ ಹೊಸದಾಗಿ ಕೊರೆದ ಮೂರು ತೂತುಗಳ ಅಂಚು ಬೆಳ್ಳಿಯಂತೆ ಹೊಳೆಯುತ್ತಿತ್ತು. ತೂತು ಹುಡುಕಿ ಬೇಸತ್ತ ಸಿರಾಜುದ್ದೀನ ಫೋನು ಬರುವ ಮೊದಲೇ ತನ್ನ ಪೈಪುಗಳಿಗೆ ತಾನೇ ತೂತು ಮಾಡಿಸಿಕೊಂಡಿದ್ದ.

ಅಂದರೆ ಬೆಳಿಗ್ಗೆ ಹತ್ತೂವರೆಗೆ ಎರಡೂ ಲಾರಿ ಒಂದರದ್ದೊಂದು ಮ್ಯಾನಿಫೋಲ್ಡು ಹೊತ್ತು ನೆಟ್ಟಗೆ ಇದ್ದವು.

ಚನ್ನೇಶ ವೆಲ್ಡಿಂಗ್ ಅಂಗಡಿಗೆ ಓಡಿದ. ಬೀಗ. ವೆಲ್ಡರನೂ ಆಡೂರಿನ ಮದುವೆ ಊಟಕ್ಕೆ ಹೋಗಿದ್ದ. ಅಲ್ಲೇ ಕಾದು, ಐದರ ಹೊತ್ತಿಗೆ ಓಡುತ್ತಲೇ ಹಿಂತಿರುಗಿದಾಗ ಗ್ಯಾರೇಜಿನ ಮುಂದೆ ಬೇರೆ ಊರಿನ ಲಾರಿಯೊಂದು ನಿಂತಿತ್ತು. ಸರೋಜವ್ವ ಅದರ ಬಾಗಿಲು ಹಿಡಿದು ಮೇಲೆ ಹತ್ತುತ್ತಿದ್ದಳು.

ಚನ್ನೇಶ ಕೂಗಿದ, "ಅವ್ವಾರ, ವೆಲ್ಡರ್ ಊಟ ಮಾಡಿ ಬರೂತನಕ ತಡೀರಿ."