ಎರಡು ತೆಂಗಿನ ಮರದ ಮನೆಯ ಕಾರ್ಡು

ನಮ್ಮ ಡಾಕ್ಟರು ಬದುಕಿದ್ದ ಕೊನೆಯ ಸೋಮವಾರ ನನಗೆ ಕೆಮ್ಮಿತ್ತು. ದೊಡ್ಡವರ ಬಗ್ಗೆ ಬರೆಯಲು ಕೂತಾಗಲೆಲ್ಲ ನನಗೆ ನನ್ನ ವಿಷಯವೇ ಮೊದಲು ನೆನಪಾಗುತ್ತದೆ. ಇದೊಂದು ಕಾಯಿಲೆಗೆ ಮಾತ್ರ ಅವರು ಔಷಧಿ ಕೊಟ್ಟಿರಲಿಲ್ಲ. ಬಸವೇಶ್ವರನಗರದ ಅವರ ಕ್ಲಿನಿಕ್ಕಿನ ಬೆಂಚಿನ ಮೇಲೆ ಅವತ್ತು ಎಂದಿನಂತೆ ಏಳೆಂಟು ಜನ ಇದ್ದರು. ಅಲ್ಲಿ ಟೋಕನ್ ಎಂಬುದೇ ಇರಲಿಲ್ಲ. ಬಂದವರು "ಕಡೇಗೆ ಯಾರು?" ಎಂದು ಕೇಳಬೇಕು, ಕೈ ಎತ್ತಿದವರ ಮುಖವನ್ನು ನೆನಪಿಟ್ಟುಕೊಂಡು ಕೂರಬೇಕು. ಆ ಮುಖವನ್ನು ಕಾಯುವ ಗಡಿಬಿಡಿಯಲ್ಲಿ ಅರ್ಧ ಕಾಯಿಲೆ ಅಲ್ಲೇ ಮರೆತುಹೋಗುತ್ತಿತ್ತು.

"ಬಾರಯ್ಯ ಶಿವಣ್ಣ. ಅಮ್ಮನ ಮಂಡಿ ಹೆಂಗಿದೆ?" ಎಂದರು ಡಾಕ್ಟರ್ ಶ್ರೀಕಂಠಯ್ಯ.

"ಪರವಾಗಿಲ್ಲ ಸಾರ್. ನನಗೆ ಕೆಮ್ಮು..."

"ಮಗಳ ಪರೀಕ್ಷೆ ಮುಗೀತಾ? ಕಣ್ಣು ಉರಿ ಅಂತಿದ್ಲು."

"ಮುಗೀತು ಸಾರ್. ಕೆಮ್ಮು..."

"ಕೇಳಿಸ್ತು ಬಿಡಯ್ಯ, ನೀನು ಬೆಂಚಿನ ಮೇಲಿದ್ದಾಗ್ಲೇ ಕೇಳಿಸ್ತು. ಸಿಗರೇಟು ಬಿಟ್ಟಿದೀನಿ ಅಂತ ಮನೇಲಿ ಹೇಳಿದೀಯಲ್ಲ, ಅದನ್ನ ಒಂದು ಸಲ ನಿಜ ಮಾಡು."

ಮಾತ್ರೆಗಳನ್ನು ಕಾಗದದಲ್ಲಿ ಮಡಿಸಿ ಕೈಗಿಟ್ಟು "ಗುರುವಾರ ಬಾ" ಎಂದರು. ಬುಧವಾರ ಬೆಳಗ್ಗೆ, ಸ್ನಾನ ಮುಗಿಸಿ ಪಂಚೆ ಉಡುತ್ತಿದ್ದಾಗ, ಅವರ ಹೃದಯ ನಿಂತಿತು. ಇಪ್ಪತ್ತೆರಡು ವರ್ಷಗಳಲ್ಲಿ ಅವರು ಬಾ ಎಂದು ಹೇಳಿ ತಾವೇ ಬಾರದಿದ್ದದ್ದು ಆ ಗುರುವಾರ ಮಾತ್ರ. ವಿಷಯ ಗೊತ್ತಿದ್ದೂ ನಾನು ಹೋದೆ. ಶಟರ್ ಎಳೆದಿತ್ತು. ಅದರ ಮುಂದೆ, ನನ್ನ ಹಾಗೆಯೇ ವಿಷಯ ಗೊತ್ತಿದ್ದ ಏಳೆಂಟು ಜನ ನಿಂತಿದ್ದರು. ಆಮೇಲೆ ಬಂದ ಒಬ್ಬ ಅಜ್ಜಿ ಅಭ್ಯಾಸಬಲದಿಂದ "ಕಡೇಗೆ ಯಾರು?" ಎಂದರು. ನಾನು ಕೈ ಎತ್ತಿದೆ.

ನಮ್ಮ ಪಾರ್ಕಿನ ಸಂಘದವರು ಸಂತಾಪ ಸಭೆ ಇಟ್ಟುಕೊಂಡರು. ಅಧ್ಯಕ್ಷ ಗಂಗಾಧರಪ್ಪನವರು ನನ್ನನ್ನು ಕರೆದು, "ಶಿವಣ್ಣೋರೆ, ಡಾಕ್ಟ್ರ ಜೀವನ ಮತ್ತು ಸಾಧನೆ, ಎರಡು ಪುಟ ಬರ್ಕೊಂಡ್ ಬನ್ನಿ. ನಿಮ್ಮ ಅಕ್ಷರ ಗುಂಡಗಿದೆ" ಎಂದರು. ನಾನು ಓದಿರುವುದು ಎಸ್ಸೆಸ್ಸೆಲ್ಸಿ. ರಾಜಾಜಿನಗರದ ಕಾರ್ಖಾನೆಯೊಂದರ ಸ್ಟೋರಿನಲ್ಲಿ ನಟ್ಟು ಬೋಲ್ಟಿನ ಡಬ್ಬಗಳಿಗೆ ಹೆಸರು ಬರೆದು ಅಕ್ಷರ ಗುಂಡಗಾಗಿದೆ, ಅಷ್ಟೆ. ಆದರೂ ಕೂತೆ. "ಡಾಕ್ಟರ್ ಶ್ರೀಕಂಠಯ್ಯನವರು" ಎಂದು ಬರೆದು, "ಎಂಬಲ್ಲಿ ಜನಿಸಿದರು" ಎಂಬುದಕ್ಕೆ ಮುಂಚೆ ಸ್ವಲ್ಪ ಜಾಗ ಬಿಟ್ಟೆ. ತಂದೆಯ ಹೆಸರಿಗೂ ಓದಿದ ಕಾಲೇಜಿಗೂ ಜಾಗ ಬಿಟ್ಟೆ. ಮಕ್ಕಳೆಷ್ಟು ಎಂಬಲ್ಲಿಗೆ ಬರುವಾಗ ಹಾಳೆ ನಮ್ಮ ಕಾಲದ 'ಬಿಟ್ಟ ಸ್ಥಳ ತುಂಬಿ' ಪ್ರಶ್ನೆಯಂತೆ ಕಾಣುತ್ತಿತ್ತು. ಆ ಪ್ರಶ್ನೆಯಲ್ಲಿ ನಾನು ಎಂದೂ ಪಾಸಾದವನಲ್ಲ. ಅವರು ನನ್ನ ನಾಲಿಗೆಯನ್ನು ನೂರಾರು ಸಲ ನೋಡಿದ್ದರು. ಆ ನಾಲಿಗೆ ಒಂದು ಸಲವಾದರೂ "ನಿಮ್ಮೂರು ಯಾವುದು ಸಾರ್" ಎಂದು ಕೇಳಿರಲಿಲ್ಲ.

ಬಿಟ್ಟ ಸ್ಥಳ ತುಂಬಿಸಿಕೊಳ್ಳಲು ಕಾಂಪೌಂಡರ್ ರಂಗಪ್ಪನ ಹತ್ತಿರ ಹೋದೆ. ರಂಗಪ್ಪ ನನಗಿಂತ ಹಿರಿಯ. ಅರ್ಧ ಎತ್ತಿದ ಶಟರಿನ ಒಳಗೆ ಕೂತು ಕಾರ್ಡಿನ ಕಟ್ಟುಗಳನ್ನು ಬಿಚ್ಚುತ್ತಿದ್ದ. ಇಲ್ಲಿ ಡಾಕ್ಟರ ಪದ್ಧತಿಯೊಂದನ್ನು ಹೇಳಬೇಕು. ಎಲ್ಲ ಕಡೆ ರೋಗಿಗೊಂದು ಕಾರ್ಡು ಇರುತ್ತದೆ. ಇವರಲ್ಲಿ ಮನೆಗೊಂದು. ಆ ಮನೆಯಿಂದ ಮೊದಲು ಬಂದವನ ಹೆಸರು ಮೇಲೆ, ಮನೆಯ ಗುರುತು ಕೆಳಗೆ. "ಒಂದೇ ಪಾತ್ರೇಲಿ ಉಣ್ಣೋರಿಗೆ ಬೇರೆ ಬೇರೆ ಕಾರ್ಡು ಯಾಕಯ್ಯ?" ಎನ್ನುತ್ತಿದ್ದರು. ಯಾವ ಸಾಲು ಯಾರದು ಎಂಬುದು ಅವರ ತಲೆಯಲ್ಲಿರುತ್ತಿತ್ತು.

"ತಗೊಳಪ್ಪ ನಿಮ್ದು. ಅಂಗಡಿ ಖಾಲಿ ಮಾಡ್ಬೇಕು, ಅವರವರ ಮನೇದು ಅವರವರಿಗೆ ಕೊಟ್ಬಿಡ್ತಾ ಇದೀನಿ" ಎಂದ ರಂಗಪ್ಪ.

"ಶಿವಣ್ಣ, ಎರಡು ತೆಂಗಿನ ಮರದ ಮನೆ" ಎಂದಿತ್ತು. ಒಂದು ಮರ ಬಿದ್ದು ಒಂಬತ್ತು ವರ್ಷವಾಯಿತು, ಕಾರ್ಡಿನಲ್ಲಿ ಎರಡೂ ನಿಂತಿದ್ದವು. ಓದುತ್ತ ಹೋದೆ. ಅದರ ಪ್ರಕಾರ ನಾನು ಒಂದು ಸಲ ಬಸುರಾಗಿ ಹೆತ್ತಿದ್ದೇನೆ. ನನಗೆ ನಾಯಿ ಕಚ್ಚಿದೆ, ಎರಡೂ ಮಂಡಿ ಸವೆದಿವೆ, ಕಿವಿಯಿಂದ ಹುಣಸೆ ಬೀಜ ತೆಗೆದಿದ್ದಾರೆ. ಆರು ವರ್ಷದ ಹಿಂದೆ ನಾನು ತೀರಿಕೊಂಡಿದ್ದೇನೆ. ಅದು ಅಪ್ಪನದು. ಅದಾದ ಮೇಲೂ ನನಗೆ ಕೆಮ್ಮು ಬಂದಿದೆ. ನಗುತ್ತ ಕಾರ್ಡು ತಿರುಗಿಸಿದೆ. ಹಿಂಬದಿಯಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಸಾಲು, ಅದರ ಕೆಳಗೆ ಎರಡು ಗೆರೆ: ಸಲ್ಫಾ ಕೊಡಕೂಡದು.

"ಏನಿದು ರಂಗಪ್ಪ?"

ರಂಗಪ್ಪ ಕನ್ನಡಕ ಏರಿಸಿದ. "ಸೋಂಕಿಗೆ ಕೊಡೋ ಮಾತ್ರೆ. ಕೆಲವರಿಗೆ ಆಗಲ್ಲ. ಮೈಯೆಲ್ಲ ಬೊಬ್ಬೆ ಎದ್ದು ಜೀವಕ್ಕೇ ಬರುತ್ತೆ. ನಿಮ್ಮನೇಲಿ ಯಾರ್ಗೋ ಆಗಲ್ಲ."

"ಯಾರಿಗೆ?"

"ಅದು ಸಾಹೇಬ್ರಿಗೆ ಗೊತ್ತಿತ್ತು."

ಮನೆಗೆ ಬಂದು ಕಾರ್ಡನ್ನು ಊಟದ ಮೇಜಿನ ಮೇಲಿಟ್ಟೆ. ಎಲ್ಲರೂ ಹೆದರುತ್ತಾರೆ ಎಂದುಕೊಂಡಿದ್ದೆ. ಆದದ್ದು ಬೇರೆ. ಕೆಂಪು ಶಾಯಿಯ ಸಾಲಿಗೆ ಎಲ್ಲರೂ ವಾರಸುದಾರರಾದರು.

"ನಂದೇ ಅದು. ಬಾಣಂತಿಯಾಗಿದ್ದಾಗ ಮೈ ಕೆಂಪಗಾಗಿತ್ತಲ್ರೀ. ಡಾಕ್ಟ್ರು ಎರಡು ಸಲ ಮನೇಗೇ ಬಂದಿದ್ರು" ಎಂದಳು ನನ್ನ ಹೆಂಡತಿ ಸುಶೀಲ.

"ಅದು ಬೆವರುಸಾಲೆ ಕಣೇ" ಎಂದರು ಅಮ್ಮ. "ಕೆಂಪು ಶಾಯೀಲಿ ಬರ್ದಿದಾರೆ ಅಂದ್ರೆ ಹಿರೀಕರದೇ ಇರ್ಬೇಕು. ನಂದು."

ಮಗಳು ರೇಖಾ, ಆಗ ಪಿಯುಸಿ, "ಅಜ್ಜೀ, ಅದು ಅಲರ್ಜಿ, ಪ್ರಶಸ್ತಿ ಅಲ್ಲ" ಎಂದಳು. ಒಂದು ಕ್ಷಣ ಬಿಟ್ಟು, "ಆದ್ರೂ ಚಿಕ್ಕೋಳಿದ್ದಾಗ ನಂಗೆ ತುಟಿ ಊದಿತ್ತು, ಅಲ್ವಾ?" ಎಂದು ತಾನೂ ಸಾಲಿಗೆ ಸೇರಿಕೊಂಡಳು. ಕೊನೆಗೆ ಅಮ್ಮ ದನಿ ತಗ್ಗಿಸಿ, "ನಿಮ್ಮಪ್ಪಂದಿದ್ರೂ ಇರ್ಬೋದು. ಅವರಿಗೆ ಯಾವುದು ತಾನೆ ಆಗ್ತಿತ್ತು" ಎಂದರು. ನನಗೂ ಒಮ್ಮೆ ಬೆನ್ನ ಮೇಲೆ ದದ್ದು ಎದ್ದದ್ದು ನೆನಪಿತ್ತು. ಅದು ಕಾರ್ಖಾನೆಯ ಗ್ರೀಸಿನದೋ ಮಾತ್ರೆಯದೋ ಎಂದು ನಾನು ಕೇಳಿರಲಿಲ್ಲ. ಕೇಳುವುದು ಅವರ ಕೆಲಸ, ನನ್ನದು ನಾಲಿಗೆ ಚಾಚುವುದು ಎಂದುಕೊಂಡಿದ್ದೆ.

ಬಿಟ್ಟ ಸ್ಥಳ, ಸಲ್ಫಾ ಎರಡೂ ಕೆಲಸ ಒಟ್ಟಿಗೇ ಆಗಲಿ ಎಂದು ವಿಜಯನಗರದ ಡಾಕ್ಟರ ಮನೆಗೆ ಹೋದೆ. ಅವರ ಮನೆಯನ್ನು ನಾನು ನೋಡಿದ್ದು ಅದೇ ಮೊದಲು. ಅವರ ಶ್ರೀಮತಿ ಬಾಗಿಲು ತೆಗೆದರು. ಹೆಸರು ಹೇಳಿದೆ, ಗೊತ್ತಾಗಲಿಲ್ಲ. ಎರಡು ತೆಂಗಿನ ಮರದ ಮನೆ ಎಂದೆ.

"ಓ, ಬನ್ನಿ ಬನ್ನಿ. ನಿಮ್ಮ ತಾಯಿ ಮಂಡಿ ಹೇಗಿದೆ? ಮಗಳು ಪರೀಕ್ಷೆ ಚೆನ್ನಾಗಿ ಮಾಡಿದ್ಲಾ?"

ನನಗೆ ಜೀವ ಬಂದ ಹಾಗಾಯಿತು. ಡಾಕ್ಟರ ತಲೆಯಲ್ಲಿದ್ದದ್ದೆಲ್ಲದರ ಒಂದು ಪ್ರತಿ ಈ ಮನೆಯಲ್ಲೂ ಇದೆ! ಸಲ್ಫಾದ ವಿಷಯ ಕೇಳಿದೆ. ಅವರು ಯೋಚಿಸಿ ತಲೆಯಾಡಿಸಿದರು. "ಜನಗಳ ಸುದ್ದಿ ಎಲ್ಲ ಹೇಳೋರು. ಔಷಧಿ ಸುದ್ದಿ ಮಾತ್ರ ಹೊಸಿಲು ದಾಟಿಸ್ತಿರಲಿಲ್ಲ." ಹುಟ್ಟಿದ ಊರು ಕೆಂಗೇರಿ ಎಂದು ಗೊತ್ತಾಯಿತು. ನನ್ನ ತಂಗಿಯನ್ನು ಕೊಟ್ಟ ಊರು. ಅಷ್ಟು ಹತ್ತಿರದ ಉತ್ತರಕ್ಕೆ ನಾನು ಅಷ್ಟು ದೊಡ್ಡ ಜಾಗ ಬಿಟ್ಟಿದ್ದೆ.

ಹೊರಡುವಾಗ ಅವರು ಒಂದು ಮಾತು ಕೇಳಿದರು. "ದಿನಾ ಹನ್ನೊಂದು ಗಂಟೆಗೆ ಅಂತ ಡಬ್ಬಿ ಕಟ್ಟಿ ಕಳಿಸ್ತಿದ್ದೆ. ಖಾಲಿಯಾಗಿ ವಾಪಸ್ ಬರ್ತಿತ್ತು. ಅವರು ತಿಂತಿದ್ರಾ?"

ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಬಾರದು ಎಂದು ಡಾಕ್ಟರು ಆ ಡಬ್ಬಿಯನ್ನು ಬೆಂಚಿನವರಿಗೆ ಹಂಚಿಬಿಡುತ್ತಿದ್ದರು. ನಾನೇ ನಾಲ್ಕೈದು ಸಲ ತಿಂದಿದ್ದೇನೆ. ಒಮ್ಮೆ ಉಪ್ಪಿಟ್ಟಿಗೆ ಉಪ್ಪು ಕಡಿಮೆ ಎಂದೂ ಹೇಳಿದ್ದೆ.

"ತಿಂತಿದ್ರಮ್ಮ" ಎಂದೆ.

"ಸದ್ಯ" ಎಂದರು ಅವರು.

ಸಭೆಯಲ್ಲಿ ನನ್ನ ಎರಡು ಪುಟ ನಾಲ್ಕು ನಿಮಿಷದಲ್ಲಿ ಮುಗಿಯಿತು. ಆಮೇಲೆ ಮಾತಾಡಿದವರೆಲ್ಲ ಡಾಕ್ಟರ ಸಾಧನೆ ಎಂದು ತಮ್ಮ ತಮ್ಮ ಕಾಯಿಲೆಗಳನ್ನೇ ಹೇಳಿದರು. ಗಂಗಾಧರಪ್ಪನವರ ಹರ್ನಿಯಾ ಒಂದೇ ಹದಿನೈದು ನಿಮಿಷ ನಡೆಯಿತು. ನನಗೇನೋ ಅದೇ ಸರಿ ಎನಿಸಿತು. ಎಲ್ಲರ ಕೈಯಲ್ಲೂ ಒಂದೊಂದು ಕಾರ್ಡಿತ್ತು. ಪಕ್ಕದವರು ನನ್ನ ಕಡೆ ಬಾಗಿ, "ಸಾರ್, ನಮ್ಮನೇಲಿ ಯಾರಿಗೋ ಹಾರ್ಟ್ ವಾಲ್ವ್ ತೊಂದರೆ ಅಂತಿದೆ. ನಿಮ್ಗೇನಾದ್ರೂ ಗೊತ್ತಾ?" ಎಂದು ಪಿಸುಗುಟ್ಟಿದರು.

ಈಗ ಮುಖ್ಯರಸ್ತೆಯಲ್ಲಿ ಹೊಸ ಕ್ಲಿನಿಕ್ ಬಂದಿದೆ. ಟೋಕನ್ ಇದೆ, ಯಾರ ಮುಖವನ್ನೂ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಕಂಪ್ಯೂಟರಿನ ಮುಂದಿದ್ದ ಹುಡುಗಿ, "ಅಲರ್ಜಿ ಏನಾದ್ರೂ ಇದ್ಯಾ ಅಂಕಲ್?" ಎಂದಳು.

"ಇದೆಯಮ್ಮ, ಸಲ್ಫಾ."

"ನಿಮಗಾ?"

"ಮನೇಲಿ ಯಾರಿಗೋ."

ಹಾಗೆ ಬರೆದುಕೊಳ್ಳಲು ಅವಳ ಕಂಪ್ಯೂಟರಿನಲ್ಲಿ ಜಾಗವಿರಲಿಲ್ಲ. ಕೊನೆಗೆ ನನ್ನ ಹೆಸರಿಗೇ ಹಾಕಿಕೊಂಡಳು. ಮುಂದಿನ ವಾರ ಸುಶೀಲ ತನ್ನ ಹೆಸರಿಗೆ ಹಾಕಿಸಿಕೊಂಡು ಬಂದಳು, ಆಮೇಲೆ ಅಮ್ಮ, ರೇಖಾ. ಈಗ ಮನೆಯವರು ಯಾರೂ ಸಲ್ಫಾ ಮುಟ್ಟುವುದಿಲ್ಲ. ಅದು ಅಪ್ಪನ ಸಾಲೇ ಆಗಿದ್ದರೆ, ನಾವು ನಾಲ್ವರೂ ಅಪ್ಪನ ಪಥ್ಯ ಮಾಡುತ್ತಿದ್ದೇವೆ.

ಹೊಸ ಡಾಕ್ಟರು ಒಳ್ಳೆಯವರು. ಸಿಗರೇಟು ಸೇದುತ್ತೀರಾ ಎಂದು ಕೇಳಿದರು, ಇಲ್ಲ ಎಂದೆ. ನಂಬಿದರು. ನನಗೆ ಯಾಕೋ ಹೊಟ್ಟೆಯಲ್ಲಿ ಸಂಕಟವಾಯಿತು. ಅದಕ್ಕೊಂದು ಮಾತ್ರೆ ಬರೆದುಕೊಟ್ಟರು.

ಜೀವನ ಮತ್ತು ಸಾಧನೆಯ ಹಾಳೆಯಲ್ಲಿ ಬಿಟ್ಟ ಸ್ಥಳಗಳೆಲ್ಲ ತುಂಬಿವೆ. ಕಾರ್ಡಿನ ಹಿಂದೆ, ಆ ಕೆಂಪು ಸಾಲಿನ ಮುಂದೆ, ಹೆಸರಿಲ್ಲ.